ರೇಷ್ಮೆ ಕೂದಲು, ಕರಿಕಲ್ಲಿನ ಕೊರಳಪಟ್ಟಿ: ಒಂದು ಗೋಥಿಕ್ ಗೊಂಬೆ ಮಾಡಿದ್ದು

ಗೋಥಿಕ್ ಗೊಂಬೆ ಅಂದ ಕೂಡಲೇ ಹೆಚ್ಚಿನವರು ಮೊದಲು ಕೈ ಹಾಕುವುದು ಬಿಳಿ ಬಣ್ಣದ ಡಬ್ಬಿಗೆ. ಬಿಳುಚಿದ ಮುಖ, ಕಪ್ಪು ತುಟಿ, ಕಣ್ಣಿನ ಸುತ್ತ ಮಸಿ, ಮುಗೀತು. ನನಗೆ ಅದು ಬೇಕಿರಲಿಲ್ಲ. ಚಿಕ್ಕಬಳ್ಳಾಪುರದ ಬಿಸಿಲಲ್ಲೇ ಬೆಳೆದವಳು ಅನ್ನಿಸುವಂಥ ಎಣ್ಣೆಗಪ್ಪು ಹುಡುಗಿ ಬೇಕಿತ್ತು. ಮುಖಕ್ಕೆ ಪೌಡರ್ ಬಳಿಯದೆಯೂ ಅವಳು ಗೋಥಿಕ್ ಆಗಿರಬೇಕು. ಹಾಗಾದರೆ ಕೆಲಸವೆಲ್ಲ ನೆರಳಿನದ್ದೇ. ಕಪ್ಪು ಎಲ್ಲಿ ಮಂಕಾಗಿರಬೇಕು, ಎಲ್ಲಿ ಹೊಳೆಯಬೇಕು, ಎಲ್ಲಿ ಕೆಂಪಿಗೆ ತಿರುಗಬೇಕು, ಇಷ್ಟರ ಮೇಲೆ ಇಡೀ ಗೊಂಬೆ ನಿಂತಿದೆ.

ಈ ಕಪ್ಪು ಉಡುಪಿನ ಹುಚ್ಚು ಶುರುವಾಗಿದ್ದು ಇಂಗ್ಲೆಂಡಿನಲ್ಲಿ, 1970ರ ದಶಕದ ಕೊನೆಯಲ್ಲಿ, ಪಂಕ್ ಸಂಗೀತದ ಬೆನ್ನಿಗೇ. ಲೇಸು, ಕಾರ್ಸೆಟ್ ಅನ್ನುವ ಸೊಂಟ ಬಿಗಿಯುವ ರವಿಕೆ, ಕಪ್ಪು ಮಣಿ, ಇದರಲ್ಲಿ ಬಹಳಷ್ಟನ್ನು ಅವರು ಎತ್ತಿಕೊಂಡಿದ್ದು ವಿಕ್ಟೋರಿಯಾ ಕಾಲದ ಸಾವಿನ ಮನೆಯ ಉಡುಪಿನಿಂದ. ರಾಣಿ ವಿಕ್ಟೋರಿಯಾ 1861ರಲ್ಲಿ ಗಂಡ ತೀರಿಕೊಂಡ ಮೇಲೆ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ನಮ್ಮ ಕಡೆ ಸಾವಿಗೆ ಬಿಳಿ. ಕಪ್ಪು ಇರುವುದು ಕಾಡಿಗೆಯಲ್ಲಿ, ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನಲ್ಲಿ, ಕರಿಮಣಿಯಲ್ಲಿ. ಆ ಕಪ್ಪನ್ನೇ ಬಳಸೋಣ ಅಂದುಕೊಂಡೆ.

ಗೊಂಬೆ ಅಂಗಡಿಗೆ ಗೋಥಿಕ್ ರೂಪ ದೊಡ್ಡದಾಗಿ ಬಂದಿದ್ದು 2010ರಲ್ಲಿ, ಮ್ಯಾಟೆಲ್ ಕಂಪನಿ ಮಾನ್‌ಸ್ಟರ್ ಹೈ ಗೊಂಬೆಗಳನ್ನು ತಂದಾಗ. ಮುಖ ಅಳಿಸಿ ಬೇರೆ ಮುಖ ಬರೆಯುವವರಿಗೆ ಇವತ್ತಿಗೂ ಅವು ಇಷ್ಟ. ನನಗೆ ಅವುಗಳ ತಲೆ ಜಾಸ್ತಿ ದೊಡ್ಡದು, ಕೈಕಾಲು ಜಾಸ್ತಿ ಸಣ್ಣದು ಅನಿಸುತ್ತದೆ. ಹಾಗಾಗಿ ನಾನು ತಗೊಂಡಿದ್ದು ಕಂದು ಮೈಬಣ್ಣದ ಬಾರ್ಬಿ, ಕೈಕಾಲು ಮಡಚುವ ಮೇಡ್ ಟು ಮೂವ್ ಮಾದರಿ. ಹನ್ನೊಂದೂವರೆ ಇಂಚು ಎತ್ತರ, 22 ಕೀಲು. ಅಳತೆ ನಮ್ಮ ಆರರಲ್ಲಿ ಒಂದು ಪಾಲು. ಈ ಆರರ ಲೆಕ್ಕ ಮುಂದೆ ಎಲ್ಲ ಕಡೆ ಬೇಕಾಗುತ್ತದೆ, ನೆನಪಿರಲಿ.

ತಲೆ

ಗೊಂಬೆಯ ತಲೆ ಮೆತ್ತನೆಯ ವಿನೈಲ್, ಮೈ ಗಟ್ಟಿ ಪ್ಲಾಸ್ಟಿಕ್. ಬಿಸಿನೀರಲ್ಲಿ ತಲೆಯನ್ನು ಕೆಲವು ನಿಮಿಷ ಮುಳುಗಿಸಿಟ್ಟರೆ ವಿನೈಲ್ ಇನ್ನೂ ಮೆತ್ತಗಾಗುತ್ತದೆ. ಆಗ ನಿಧಾನಕ್ಕೆ ಆಕಡೆ ಈಕಡೆ ಆಡಿಸುತ್ತಾ ಎಳೆದರೆ ಕುತ್ತಿಗೆಯ ಗೂಟದಿಂದ ಕಳಚಿ ಬರುತ್ತದೆ. ತಣ್ಣಗಿದ್ದಾಗ ಎಳೆದರೆ ಗೂಟವೇ ಮುರಿಯುತ್ತದೆ.

ಕಾರ್ಖಾನೆಯಲ್ಲಿ ಬರೆದ ಮುಖ ಅಳಿಸಲು ಅಸಿಟೋನ್. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಎಣ್ಣೆ, ಪರಿಮಳ ಎಲ್ಲ ಸೇರಿರುತ್ತದೆ. ಶುದ್ಧ ಅಸಿಟೋನ್ ತಂದು, ಹತ್ತಿಗೆ ಸ್ವಲ್ಪವೇ ಹಾಕಿ ಒರೆಸಬೇಕು. ಕಿಟಕಿ ತೆಗೆದಿರಲಿ, ಅಡುಗೆಮನೆ ಹತ್ತಿರ ಸುಳಿಯಬೇಡಿ, ಅದು ಬೆಂಕಿಗೆ ಥಟ್ಟನೆ ಹತ್ತುತ್ತದೆ. ಇನ್ನೊಂದು ಮಾತು: ತಲೆಯ ವಿನೈಲ್ ಇದನ್ನು ತಡೆಯುತ್ತದೆ, ಮೈಯ ಗಟ್ಟಿ ಪ್ಲಾಸ್ಟಿಕ್ ತಡೆಯುವುದಿಲ್ಲ, ಕರಗಿ ಅಂಟಂಟಾಗುತ್ತದೆ. ಮೈಯನ್ನು ಬೇರೆ ಕೋಣೆಯಲ್ಲೇ ಇಟ್ಟುಬಿಟ್ಟೆ.

ಹಳೆಯ ಕೂದಲನ್ನು ಬುಡಕ್ಕೆ ಕತ್ತರಿಸಿ, ಒಳಗಿನ ಬೇರುಗಳನ್ನು ಚಿಮಟದಿಂದ ಎಳೆದು ತೆಗೆದೆ. ಬೇಜಾರಿನ ಕೆಲಸ, ಹೇಳುವಂಥದ್ದೇನೂ ಇಲ್ಲ.

ಆಮೇಲೆ ಬಂತು ಅಸಲಿ ಪ್ರಶ್ನೆ. ಮುಖದ ಮೂಳೆಯನ್ನು ಬದಲಿಸಬೇಕಿತ್ತು. ಮೂಗು ಅಗಲವಾಗಬೇಕು, ತುಟಿ ತುಂಬಿಕೊಳ್ಳಬೇಕು, ಆ ಸದಾ ನಗುವ ಬಾಯಿಯ ಅಂಚು ಕೆಳಗೆ ಬರಬೇಕು, ಹುಬ್ಬಿನ ಮೂಳೆ ಸ್ವಲ್ಪ ಮುಂದೆ ಬರಬೇಕು. ಹುಬ್ಬಿನ ಮೂಳೆ ಇಲ್ಲಿ ತುಂಬಾ ಮುಖ್ಯ. ಬಣ್ಣದಲ್ಲಿ ಬರೆದ ನೆರಳು ಒಂದು ಕಡೆಯಿಂದ ನೋಡಿದರೆ ಸರಿ, ಇನ್ನೊಂದು ಕಡೆಯಿಂದ ನೋಡಿದರೆ ಸುಳ್ಳು. ಮೂಳೆಯೇ ಎದ್ದಿದ್ದರೆ ಬೆಳಕು ಎಲ್ಲಿಂದ ಬಂದರೂ ಕಣ್ಣಿನ ಗುಳಿಯಲ್ಲಿ ನೆರಳು ತಾನಾಗೇ ಕೂರುತ್ತದೆ.

ಇದಕ್ಕೆ ಎಪಾಕ್ಸಿ ಕ್ಲೇ, ಅಂದರೆ ಎರಡು ಭಾಗ ಸೇರಿಸಿ ನಾದಿದರೆ ತಾನಾಗೇ ಗಟ್ಟಿಯಾಗುವ ಮಣ್ಣಿನಂಥದ್ದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಶಿಲ್ಪಕಾರ್ ಅಥವಾ ಮೋಲ್ಡ್‌ಇಟ್ ಸಾಕು. ಪೈಪ್ ಸೋರಿದರೆ ಹಚ್ಚುವ ಎಂ-ಸೀಲ್ ಕೂಡ ಇದೇ ಜಾತಿಯದ್ದು, ಆದರೆ ಸಣ್ಣ ಮುಖ ತಿದ್ದುವಷ್ಟು ಸಮಯ ಕೊಡುವುದಿಲ್ಲ, ಬೇಗ ಬಿಗಿಯುತ್ತದೆ. ತೊಂದರೆ ಏನೆಂದರೆ, ಈ ಕ್ಲೇ ಒಣಗಿದರೆ ಕಲ್ಲು, ವಿನೈಲ್ ಮಾತ್ರ ಬಳುಕುತ್ತಲೇ ಇರುತ್ತದೆ. ತಲೆಯನ್ನು ಒಮ್ಮೆ ಅದುಮಿದರೆ ಸಾಕು, ಕ್ಲೇ ಚಕ್ಕೆಯಾಗಿ ಏಳುತ್ತದೆ. ಇದನ್ನು ಒಂದು ಗುಜರಿ ತಲೆಯ ಮೇಲೆ ಬೇಕಂತಲೇ ಮಾಡಿ ನೋಡಿದ್ದೆ, ಹಾಗೇ ಆಯಿತು.

ಹಾಗಾಗಿ ಮೊದಲು ತಲೆಯನ್ನು ಒಳಗಿನಿಂದ ಗಟ್ಟಿ ಮಾಡಿಕೊಂಡೆ. ಬಿಸಿನೀರಲ್ಲಿ ಮೆತ್ತಗೆ ಮಾಡಿ, ಕೂದಲಿದ್ದ ಗೆರೆಯ ಗುಂಟ ಹೊಸ ಬ್ಲೇಡಿನಿಂದ ನೆತ್ತಿಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆದೆ. ಒಳಗೆ ಹಣೆ, ಕೆನ್ನೆ, ಗಲ್ಲದ ಹಿಂದೆ ತೆಳ್ಳಗೆ ಎಂ-ಸೀಲ್ ಒತ್ತಿದೆ. ಕುತ್ತಿಗೆಯ ಗೂಟ ಕೂರುವ ತೂತಿನ ಸುತ್ತ ಮಾತ್ರ ಏನೂ ಹಾಕಬಾರದು, ಅಲ್ಲಿ ವಿನೈಲ್ ಬಳುಕಲೇಬೇಕು, ಇಲ್ಲದಿದ್ದರೆ ತಲೆ ವಾಪಸ್ ಕೂರುವುದಿಲ್ಲ. ಮುಚ್ಚಳ ಮತ್ತೆ ಅಂಟಿಸಿದೆ. ಆ ಗೆರೆ ಹೇಗಿದ್ದರೂ ವಿಗ್ ಕೆಳಗೆ ಹೋಗುತ್ತದೆ.

ಹೊರಗೆ 220 ನಂಬರ್ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿದೆ. ಕೈಯ ಎಣ್ಣೆ ಉಳಿದರೆ ಕ್ಲೇ ಹಿಡಿಯುವುದಿಲ್ಲ. ಎರಡು ಭಾಗವನ್ನೂ ಸಮನಾಗಿ ತಗೊಂಡು ಚಪಾತಿ ಹಿಟ್ಟು ನಾದಿದ ಹಾಗೆ ಒಂದೇ ಬಣ್ಣ ಬರುವವರೆಗೆ ನಾದಬೇಕು. ಕೈಗವಸು ಹಾಕಲೇಬೇಕು. ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಒಮ್ಮೆ ಶುರುವಾದರೆ ಪ್ರತಿ ಸಲವೂ ಬರುತ್ತದೆ.

ಒಂದು ಸಲಕ್ಕೆ ಮುಖದ ಒಂದು ಜಾಗ ಮಾತ್ರ. ಮೂಗಿಗೆ ಸಾಸಿವೆ ಗಾತ್ರದ ಉಂಡೆ ಸಾಕು, ಹೊಳ್ಳೆಗೆ ಅದಕ್ಕಿಂತಲೂ ಕಡಿಮೆ. ಹಲ್ಲುಕಡ್ಡಿ, ಮೊಂಡು ಸೂಜಿ, ಒದ್ದೆ ಬ್ರಷ್, ಇಷ್ಟೇ ಸಾಮಾನು. ಅಂಚುಗಳನ್ನು ಒದ್ದೆ ಬ್ರಷ್‌ನಿಂದ ವಿನೈಲ್ ಮೇಲೆ ಸವರಿ ಸೇರಿಸಬೇಕು. ನೀರು ಜಾಸ್ತಿಯಾದರೆ ಮೇಲ್ಪದರ ಪುಡಿಪುಡಿಯಾಗುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಜ್ಜಿದರೆ ಸರಿ. ಉಪ್ಪುಕಾಗದವನ್ನು 400, 800, 1000 ಹೀಗೆ ಏರಿಸುತ್ತಾ, ನೀರು ಹಾಕಿಕೊಂಡೇ ಉಜ್ಜಿ, ಧೂಳು ಏಳಬಾರದು.

ಮುಖವನ್ನು ಕನ್ನಡಿಯಲ್ಲಿ ನೋಡುವುದು ಒಳ್ಳೆಯ ಅಭ್ಯಾಸ. ಎಡಬಲ ಸಮ ಇದೆ ಅಂದುಕೊಂಡಿರುತ್ತೇವೆ, ಕನ್ನಡಿಯಲ್ಲಿ ಒಂದು ಕೆನ್ನೆ ಊದಿಕೊಂಡ ಹಾಗೆ ಕಾಣುತ್ತದೆ. ಆದರೂ ಪೂರ್ತಿ ಸಮ ಮಾಡಲು ಹೋಗಲಿಲ್ಲ. ಬಲಗಡೆಯ ತುಟಿಯ ಅಂಚು ಕೂದಲೆಳೆಯಷ್ಟು ಕೆಳಗಿದೆ. ಅದರಿಂದಲೇ ಅವಳಿಗೆ ಆ ‘ಏನೀಗ?’ ಅನ್ನುವ ನೋಟ ಬಂದಿದೆ.

ಬಣ್ಣ

ಮುಖ ಈಗ ಅರ್ಧ ಕಂದು ವಿನೈಲ್, ಅರ್ಧ ಬಿಳಿ ಕ್ಲೇ. ಎಲ್ಲವನ್ನೂ ಮೈಬಣ್ಣಕ್ಕೆ ತರಬೇಕು. ಅಕ್ರಿಲಿಕ್ ಬಣ್ಣದಲ್ಲಿ ಬರ್ಂಟ್ ಅಂಬರ್ (ಗಾಢ ಕಂದು), ಯೆಲ್ಲೋ ಓಕರ್ (ಮಣ್ಣು ಹಳದಿ), ಒಂದು ಚೂರು ಕೆಂಪು, ಚುಕ್ಕೆಯಷ್ಟು ಬಿಳಿ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ, ಹಾಗಾಗಿ ಒದ್ದೆಯಿದ್ದಾಗ ಸ್ವಲ್ಪ ತಿಳಿಯಾಗಿಯೇ ಇರಲಿ. ಗೊಂಬೆಯ ಬೆನ್ನಿನ ಮೇಲೆ ಒಂದು ಬೊಟ್ಟು ಇಟ್ಟು, ಒಣಗಿಸಿ, ಹಗಲು ಬೆಳಕಲ್ಲಿ ನೋಡಿ ಹೊಂದಿಸಿಕೊಂಡೆ. ಬ್ರಷ್‌ನಲ್ಲಿ ಬಳಿದರೆ ಗೆರೆ ಬೀಳುತ್ತದೆ. ಸ್ಪಂಜಿನ ಚೂರಿನಿಂದ ತೆಳ್ಳಗೆ ತಟ್ಟುತ್ತಾ ಹೋದರೆ ಚರ್ಮದ ಹಾಗೆ ಬರುತ್ತದೆ.

ಬಣ್ಣದ ಕೆಳಗೂ ಮೇಲೂ ಮ್ಯಾಟ್ ಸ್ಪ್ರೇ ಬೇಕು. ಗೊಂಬೆ ಮಾಡುವವರು ನಂಬುವುದು ಜಪಾನಿನ ಮಿಸ್ಟರ್ ಸೂಪರ್ ಕ್ಲಿಯರ್ ಅನ್ನುವ ಸ್ಪ್ರೇ. ಬೇರೆ ಕೆಲವು ಸ್ಪ್ರೇಗಳು ವಿನೈಲ್ ಮೇಲೆ ದಿನ ಕಳೆದಂತೆ ಅಂಟಂಟಾಗುತ್ತವೆ. ಇದರ ಹೊಗೆ ಮಾತ್ರ ಕೆಟ್ಟದ್ದು. ಎನ್-95 ಮಾಸ್ಕ್ ಧೂಳಿಗೆ ಸರಿ, ಈ ಆವಿಗೆ ಸಾಲದು. ಪೇಂಟರ್‌ಗಳು ಹಾಕುವ, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕೆಲಸ ಮಹಡಿಯ ಮೇಲೆ, ಬಯಲಲ್ಲಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪ್ರೇ ಬೆಳ್ಳಗೆ ಮಂಜು ಕಟ್ಟುತ್ತದೆ. ಕಪ್ಪು ಮುಖದ ಮೇಲೆ ಅದು ಎದ್ದು ಕಾಣುತ್ತದೆ. ನನ್ನ ಲೆಕ್ಕ ಸರಳ: ಮಹಡಿಯಿಂದ ನೋಡಿದಾಗ ನಂದಿ ಬೆಟ್ಟದ ತಲೆ ಮೋಡದಲ್ಲಿ ಮುಚ್ಚಿದ್ದರೆ ಆ ದಿನ ಡಬ್ಬಿ ಮುಟ್ಟುವುದಿಲ್ಲ.

ಸ್ಪ್ರೇ ಒಣಗಿದರೆ ಮೇಲ್ಮೈ ತುಸು ಒರಟಾಗಿ ಪೆನ್ಸಿಲ್ಲು, ಪೇಸ್ಟಲ್ ಪುಡಿ ಹಿಡಿಯುತ್ತದೆ. ಇಲ್ಲಿಂದ ನೆರಳಿನ ಕೆಲಸ. ಬಿಳಿ ಗೊಂಬೆಗೆ ಹೇಳುವ ಸೂತ್ರ ಎಲ್ಲ ಕಡೆ ಸಿಗುತ್ತದೆ: ಕಣ್ಣಿನ ಸುತ್ತ ಬೂದು, ಕೆನ್ನೆಯ ಕೆಳಗೆ ಬೂದು. ಅದನ್ನೇ ಎಣ್ಣೆಗಪ್ಪು ಮುಖಕ್ಕೆ ಹಚ್ಚಿದರೆ ಬೂದಿ ಬಡಿದ ಹಾಗಾಗುತ್ತದೆ. ಬೂದುಬಣ್ಣದಲ್ಲಿ ಬಿಳಿ ಇರುತ್ತದೆ ಅಲ್ವಾ, ಅದೇ ತೊಂದರೆ. ನೆರಳಿಗೆ ಬೇಕಾದ್ದು ಬಿಳಿಯಿಲ್ಲದ ಬಣ್ಣ. ಕಣ್ಣಿನ ಗುಳಿಗೆ ಗಾಢ ನೇರಳೆ, ಅದರ ಅಂಚಿಗೆ ರಕ್ತಗೆಂಪು, ಕೆನ್ನೆಯ ಕೆಳಗೆ ಬರ್ಂಟ್ ಅಂಬರ್. ಬೆಳಕು ಬೀಳುವ ಕಡೆಗೂ ಬಿಳಿ ಬೇಡ. ಮೂಗಿನ ದಂಡೆ, ಕೆನ್ನೆಯ ಮೂಳೆ, ಮೇಲ್ದುಟಿಯ ಅಂಚಿಗೆ ತಾಮ್ರದ ಬಣ್ಣದ ಪುಡಿ ಒಂದೇ ಸವರು. ಇಷ್ಟಕ್ಕೇ ಮುಖ ಎದ್ದು ಬಂತು.

ಕಣ್ಣಿನ ಬಿಳಿಗೂ ಅಚ್ಚ ಬಿಳಿ ಹಾಕಲಿಲ್ಲ. ತುಸು ಹಳದಿ, ತುಸು ಬೂದು ಸೇರಿದ ಮಾಸಲು ಬಣ್ಣ. ಮೇಲಿನ ರೆಪ್ಪೆಯ ಕೆಳಗೆ ಅದೂ ಕತ್ತಲಾಗಬೇಕು. ಕಣ್ಣುಗುಡ್ಡೆ ತುಕ್ಕಿನ ಕಂದು. ಕಾಡಿಗೆಗೆ ದೀಪದ ಮಸಿಯನ್ನೇ ಬಳಸಿದೆ. ಮನೆಯಲ್ಲಿ ಕಾಡಿಗೆ ಮಾಡುವಾಗ ಮಸಿಗೆ ಹರಳೆಣ್ಣೆ ಕಲಸುತ್ತೇವೆ. ಇಲ್ಲಿ ಎಣ್ಣೆ ಕೂಡದು, ಒಣಗುವುದೇ ಇಲ್ಲ, ಹರಡುತ್ತದೆ. ಒಣ ಮಸಿಯನ್ನು ಗೋಂದಿನ ನೀರಲ್ಲಿ ಅರೆದು ಸಣ್ಣ ಬ್ರಷ್‌ನಿಂದ ಎಳೆದೆ. ಟ್ಯೂಬಿನ ಕಪ್ಪಿಗಿಂತ ಇದು ಮೆತ್ತಗೆ, ಆಳವಾಗಿ ಕಾಣುತ್ತದೆ. ಇದರ ಮೇಲೂ ಸ್ಪ್ರೇ ಬೇಕು, ಇಲ್ಲದಿದ್ದರೆ ಒದ್ದೆ ಬೆರಳು ತಾಕಿದರೂ ಎದ್ದುಬರುತ್ತದೆ.

ತುಟಿಗೆ ಮಾಗಿದ ಹಿಪ್ಪುನೇರಳೆ ಹಣ್ಣಿನ ಬಣ್ಣ. ಮಧ್ಯದಲ್ಲಿ ಕೆಂಪು, ಅಂಚಿಗೆ ಹೋಗುತ್ತಾ ಕಪ್ಪು. ಕೊನೆಯಲ್ಲಿ ಕಣ್ಣಿಗೂ ಕೆಳತುಟಿಗೂ ಮಾತ್ರ ಹೊಳೆಯುವ ವಾರ್ನಿಶ್. ಮಿಕ್ಕಿದ್ದೆಲ್ಲ ಮಂಕಾಗಿರುವುದರಿಂದ ಆ ಎರಡು ಹೊಳಪೂ ಜೀವ ಕೊಡುತ್ತವೆ. ಎಡಗೆನ್ನೆಯಲ್ಲಿ ಒಂದು ದೃಷ್ಟಿಬೊಟ್ಟು. ಸ್ವಲ್ಪ ಪಕ್ಕಕ್ಕೆ, ಕಿವಿಯ ಕಡೆಗೆ.

ಕೂದಲು

ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟಿದ್ದು ಇದು. ಕಾರ್ಖಾನೆಯ ಗೊಂಬೆಗೆ ಹಾಕುವುದು ನೈಲಾನ್ ಅಥವಾ ಸರಾನ್ ಅನ್ನುವ ಪ್ಲಾಸ್ಟಿಕ್ ಎಳೆ. ಅದರ ದಪ್ಪ ಹೆಚ್ಚುಕಡಿಮೆ ನಮ್ಮ ಕೂದಲಷ್ಟೇ. ಆರರಲ್ಲಿ ಒಂದು ಪಾಲಿನ ತಲೆಗೆ ಅದು ಹಗ್ಗ. ಲೆಕ್ಕ ಹಾಕಿ ನೋಡಿ: ನಮ್ಮ ಕೂದಲು ಸುಮಾರು 70 ಮೈಕ್ರಾನ್. ಆರರಿಂದ ಭಾಗಿಸಿದರೆ 12ರ ಹತ್ತಿರ. ಅಂಟು ಬಿಡಿಸಿದ ರೇಷ್ಮೆಯ ಒಂಟಿ ಎಳೆಯೂ ಹೆಚ್ಚುಕಡಿಮೆ ಅಷ್ಟೇ ತೆಳ್ಳಗೆ. ರೇಷ್ಮೆಹುಳು ಗೊಂಬೆಗಳ ಅಳತೆಗೇ ನೂಲುತ್ತದೆ ಅಂತ ಹೇಳಬಹುದು! ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇಷ್ಟು ಹತ್ತಿರ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ನೈಲಾನ್ ಹುಡುಕುವುದು ಸರಿಯೇ?

ಶಿಡ್ಲಘಟ್ಟದಲ್ಲಿ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ, ಮಾಡುವ ಪರಿಚಯದ ಭಾಯ್ ಒಬ್ಬರ ಹತ್ತಿರ ಹೋಗಿ ಸ್ವಲ್ಪ ನೂಲು ಕೇಳಿದೆ.

“ಏನಕ್ಕಮ್ಮ? ಸೀರೆಗಾ?”

“ಇಲ್ಲ ಭಾಯ್, ಗೊಂಬೆಗೆ ಕೂದಲು.”

ಅವರು ನಗಲಿಲ್ಲ, ಸ್ವಲ್ಪ ಯೋಚಿಸಿದರು. “ಹಂಗಾದ್ರೆ ಹುರಿ ಹಾಕಿದ್ದು ತಗೋಬೇಡಿ. ಬೇಯಿಸಿದ್ರೂ ಎಳೆ ಬಿಡಲ್ಲ. ಇದೇ ಕಚ್ಚಾದು ತಗೊಳ್ಳಿ,” ಅಂತ ಒಂದು ಸಣ್ಣ ಲಡಿ ಕೊಟ್ಟರು. ಸರಿಯಾದ ಸಲಹೆ.

ಕಚ್ಚಾ ರೇಷ್ಮೆ ಮುಟ್ಟಿದರೆ ಗಡುಸು, ಹೊಳಪೂ ಅಷ್ಟಕ್ಕಷ್ಟೇ. ಹುಳು ಉಗುಳುವ ಎಳೆಯಲ್ಲಿ ಎರಡು ನಾರುಗಳು ಜೊತೆಯಾಗಿರುತ್ತವೆ, ಸುತ್ತ ಸೆರಿಸಿನ್ ಅನ್ನುವ ಅಂಟು. ನೂಲಿನ ತೂಕದಲ್ಲಿ ಕಾಲು ಭಾಗದಷ್ಟು ಈ ಅಂಟೇ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಸಾಬೂನು, ಚಿಟಿಕೆ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಮುಕ್ಕಾಲು ಗಂಟೆ ಕಾಯಿಸಿದೆ. ಕೊತಕೊತ ಕುದಿಸಬಾರದು, ಎಳೆ ಸಿಕ್ಕಾಗುತ್ತದೆ. ಸೋಡಾ ಜಾಸ್ತಿಯಾದರೆ ರೇಷ್ಮೆಯೇ ಹಾಳು. ನೀರು ಲೋಳೆಯಾಗುತ್ತದೆ, ನೂಲು ಜಾರಲು ಶುರುವಾಗುತ್ತದೆ. ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದಾಗ ಅದು ಬೇರೆಯದೇ ವಸ್ತು.

ಕಪ್ಪು ಮಾಡುವುದಕ್ಕೆ ಮೊದಲು ಹಳೆಯ ದಾರಿಯಲ್ಲಿ ಒಂದು ಸಣ್ಣ ಕುಚ್ಚು ಮಾಡಿ ನೋಡಿದೆ: ಅಳಲೆಕಾಯಿ ಕಷಾಯದಲ್ಲಿ ನೆನೆಸಿ, ಆಮೇಲೆ ಅನ್ನಭೇದಿ (ಕಬ್ಬಿಣದ ಉಪ್ಪು) ನೀರಿನಲ್ಲಿ ಅದ್ದುವುದು. ಬಂದ ಬಣ್ಣ ಬಹಳ ಚೆಂದ, ಹೊಗೆಯಂಥ ಕಪ್ಪು. ಆದರೆ ಕಬ್ಬಿಣ ಸೇರಿದ ಕಪ್ಪು ವರ್ಷಗಳು ಕಳೆದಂತೆ ರೇಷ್ಮೆಯನ್ನು ಒಳಗಿಂದಲೇ ತಿನ್ನುತ್ತದೆ, ಎಳೆ ಪುಡಿಯಾಗುತ್ತದೆ. ಬಟ್ಟೆಯಾದರೆ ಹೇಗೋ ಆಗುತ್ತಿತ್ತು, ಈ ಒಂಟಿ ಎಳೆ ತಡೆಯುವುದಿಲ್ಲ. ಮನಸ್ಸಿಲ್ಲದಿದ್ದರೂ ಆಸಿಡ್ ಡೈಗೆ ಹೋದೆ. ಹೆಸರು ಆಸಿಡ್ ಆದರೂ ಹಾಕುವುದು ವಿನೆಗರ್ ಅಷ್ಟೇ. ಮೊದಲು ಗಾಢ ಕೆಂಪು, ಅದರ ಮೇಲೆ ಕಪ್ಪು. ನೆರಳಲ್ಲಿ ಕೂದಲು ಅಚ್ಚ ಕಪ್ಪು, ಬಿಸಿಲಿಗೆ ಹಿಡಿದರೆ ಒಳಗಿನಿಂದ ಕೆಂಪು ಇಣುಕುತ್ತದೆ. ತುಟಿಗೂ ಅದಕ್ಕೂ ಜೋಡಿ.

ವಿಗ್ ಕಟ್ಟುವುದು ತಾಳ್ಮೆಯ ಕೆಲಸ. ತಲೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ಹಳೆಯ ಕಾಲುಚೀಲದ ಹಿಗ್ಗುವ ಬಟ್ಟೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಫೆವಿಕಾಲ್ ಬಳಿದು ಒಣಗಲು ಬಿಟ್ಟೆ. ಒಣಗಿದ ಮೇಲೆ ಅದೇ ಟೋಪಿ. ಕೂದಲನ್ನು ಪ್ಲಾಸ್ಟಿಕ್ ಕವರ್ ಮೇಲೆ ಒಂದೇ ದಿಕ್ಕಿಗೆ ತೆಳ್ಳಗೆ ಹರಡಿ, ಬುಡಕ್ಕೆ ಅಂಟಿನ ಪಟ್ಟಿ ಎಳೆದು, ಒಣಗಿದ ಮೇಲೆ ಕಿತ್ತರೆ ಝಾಲರಿಯ ಹಾಗೆ ಒಂದು ಸಾಲು ಸಿಗುತ್ತದೆ. ಕುತ್ತಿಗೆಯಿಂದ ಶುರು ಮಾಡಿ ಮೇಲೆ ಮೇಲೆ ಅಂಟಿಸುತ್ತಾ ಬರಬೇಕು. ಬೈತಲೆ ಕೊನೆಗೆ. ಅಲ್ಲಿ ಅಂಟಿನ ಪಟ್ಟಿ ಕಾಣದಂತೆ ಕೂದಲನ್ನು ಹಿಂದಕ್ಕೆ ಮಡಚಿ ಅಂಟಿಸಿದೆ. ಒಣ ಹವೆಗೆ ರೇಷ್ಮೆ ಮೈಗೆಲ್ಲ ಅಂಟಿಕೊಳ್ಳುತ್ತದೆ, ಕೈಗೆ ಒಂದು ತೊಟ್ಟು ಹೇರ್ ಸೀರಮ್ ಹಚ್ಚಿಕೊಂಡು ಸವರಿದರೆ ಸುಮ್ನಿರುತ್ತದೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತದೆ. ಉದ್ದ ಸೊಂಟದವರೆಗೆ, ಒಂಟಿ ಜಡೆ. ತುದಿಯಲ್ಲಿ ಕುಚ್ಚಿನ ಬದಲು ತಾಮ್ರದ ತಂತಿ ಸುತ್ತಿದೆ.

ಕೊರಳಪಟ್ಟಿ

ಬಾವಲಿ, ಶಿಲುಬೆ, ಜೇಡರ ಬಲೆ ಎಲ್ಲರೂ ಮಾಡುತ್ತಾರೆ. ನಮ್ಮ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನೋಡಿದವರಿಗೆ ಅಲ್ಲಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳು ಗೊತ್ತಿರುತ್ತವೆ. ದೇವಸ್ಥಾನದ ಮೂಲ 9ನೇ ಶತಮಾನದ್ದು, ಆಮೇಲಿನ ಅರಸರೆಲ್ಲ ಸೇರಿಸುತ್ತಾ ಬಂದರು. ಆ ಕಂಬಗಳ ಮೇಲೆ ಬಳ್ಳಿ ಬಳ್ಳಿಯನ್ನು ಹೆಣೆದುಕೊಂಡು ಮೇಲೆ ಹೋಗುತ್ತದೆ. ಜನರ ಕೈ ತಾಕಿದ ಕಡೆ ಕಲ್ಲು ಹೊಳೆಯುತ್ತದೆ, ಸಂದಿಯಲ್ಲಿ ಧೂಳುಗಪ್ಪು. ನನ್ನ ಗೊಂಬೆಗೆ ಬೇಕಾದ ಗೋಥಿಕ್ ಅದೇ.

ತೆಳು ತಾಮ್ರದ ತಂತಿಯನ್ನು ಕುತ್ತಿಗೆ ಹಿಂದೆ ಎದ್ದು ನಿಲ್ಲುವ ಪಟ್ಟಿಯಾಗಿ ಬಗ್ಗಿಸಿ, ಅದರ ಮೇಲೆ ಎಪಾಕ್ಸಿಯ ಎಳೆಗಳನ್ನು ಹೊಸೆದು ಬಳ್ಳಿ ಹಬ್ಬಿಸಿದೆ. ಎಲೆಗಳನ್ನು ಬೇರೆ ಮಾಡಿ, ಸೂಜಿಯಿಂದ ನರ ಗೀರಿ, ಹಸಿ ಇದ್ದಾಗಲೇ ಕೂರಿಸಿದೆ. ಬಣ್ಣ ಹಾಕುವಾಗ ಮೊದಲು ಕಪ್ಪುಗಂದು, ಸಂದಿಗಳಲ್ಲಿ ಮಂಕು ಕಪ್ಪು, ಉಬ್ಬಿದ ಕಡೆ ಒಣ ಬ್ರಷ್‌ನಿಂದ ಬೂದು. ಕೊನೆಗೆ ಪೆನ್ಸಿಲ್ ಸೀಸವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿ, ಬೆರಳಿನಿಂದ ಉಬ್ಬಿದ ಭಾಗಕ್ಕೆ ತಿಕ್ಕಿದೆ. ಸವೆದ ಕಲ್ಲಿನ ಹೊಳಪು ಹಾಗೇ ಬಂತು. ಈ ಸೀಸದ ಉಪಾಯವನ್ನು ಎಲ್ಲಿ ಬೇಕಾದರೂ ಬಳಸಿ, ಖರ್ಚೇ ಇಲ್ಲ.

ಅದರ ಕೆಳಗೆ ಕುತ್ತಿಗೆಗೆ ಅಂಟಿದಂತೆ ಒಂದೆಳೆ ಕರಿಮಣಿ. ಅಂಗಡಿಯಲ್ಲಿ ಸಿಗುವ ತೀರಾ ಸಣ್ಣ ಮಣಿಯೇ ಒಂದೂವರೆ ಮಿಲಿಮೀಟರ್. ನಮ್ಮ ಅಳತೆಗೆ ಅದು 9 ಮಿಲಿಮೀಟರ್ ಮಣಿ. ಹಾಗಾಗಿ ಎರಡೆಳೆ ಹಾಕಿದರೆ ಭಾರ ಕಾಣುತ್ತದೆ. ಅಮ್ಮ ನೋಡಿ, “ಮದುವೆನೇ ಆಗಿಲ್ಲ, ಕರಿಮಣಿ ಯಾಕೇ ಇವಳಿಗೆ?” ಅಂದರು. ತಾಳಿ ಇಲ್ಲ, ಬರೀ ಮಣಿ ಅಂದೆ. “ಹಂಗಾದ್ರೆ ಮಧ್ಯೆ ಒಂದು ಹವಳ ಹಾಕು, ಬೋಳಾಗಿದೆ,” ಅಂದರು. ಹಾಕಿದೆ. ಅಮ್ಮ ಹೇಳಿದ್ದು ಸರಿ, ಆ ಒಂದು ಕೆಂಪು ಚುಕ್ಕೆಯಿಂದ ಕಪ್ಪೆಲ್ಲ ಇನ್ನೂ ಕಪ್ಪಾಯಿತು. ದಸರಾ ಗೊಂಬೆಗಳ ಜೊತೆ ಇವಳನ್ನು ಕೂರಿಸುವ ಮಾತು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಪಟ್ಟದ ಗೊಂಬೆಗಳ ಪಕ್ಕ ಬೇಡವಂತೆ, ಕೆಳಗಿನ ಮೆಟ್ಟಿಲಾದರೆ ನೋಡೋಣವಂತೆ.

ಬಟ್ಟೆ, ಬೂಟು

ಬಟ್ಟೆಗೆ ಕಪ್ಪು ಸೀರೆ ಫಾಲ್. ಕಾಟನ್, ತೆಳು, ಅಂಚು ಬೇಗ ಬಿಚ್ಚಿಕೊಳ್ಳುವುದಿಲ್ಲ, ಗೊಂಬೆ ಲಂಗಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಾರ್ಸೆಟ್‌ಗೆ ಒಳಗೆ ತೆಳು ಬಕ್ರಂ, ಕಾಲರ್ ಒಳಗೆ ಹಾಕುವ ಗಡುಸು ಬಟ್ಟೆ. ದೊಡ್ಡ ಲೇಸು ಬೇಡ, ಆರರ ಲೆಕ್ಕದಲ್ಲಿ ಅದರ ಹೂವು ಅವಳ ಮುಖದಷ್ಟಾಗುತ್ತದೆ. ಕಪ್ಪು ಬಟ್ಟೆಯ ಬಣ್ಣ ಗೊಂಬೆಯ ಮೈಗೆ ಇಳಿದು ಕಲೆಯಾಗುವುದು ಗೊಂಬೆಯವರ ಹಳೆಯ ತಲೆನೋವು. ಹೊಲಿಯುವ ಮುಂಚೆ ನೀರು ತಿಳಿಯಾಗುವವರೆಗೆ ಬಟ್ಟೆ ತೊಳೆದೆ, ಆದರೂ ಒಳಗೆ ಬಿಳಿ ಮಲ್ಲಿನ ಲೈನಿಂಗ್ ಕೊಟ್ಟೆ.

ಬೂಟು ಮಾತ್ರ ಕ್ಲೇಯದ್ದು. ಕಾಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಬೂಟು ತಿದ್ದಿ, ಅರೆ ಒಣಗಿದಾಗ ಹಿಂಭಾಗದಲ್ಲಿ ಬ್ಲೇಡಿನಿಂದ ಸೀಳಿ ತೆಗೆದೆ. ಪೂರ್ತಿ ಕಲ್ಲಾದ ಮೇಲೆ ಸೀಳಲು ಹೋದರೆ ಒಡೆಯುತ್ತದೆ. ಆ ಸೀಳಿಗೆ ಸಣ್ಣ ತೂತು ಕೊರೆದು ದಾರ ಹೆಣೆದರೆ ಲೇಸು ಕಟ್ಟುವ ಬೂಟೇ ಆಯಿತು, ಬೇಕಾದಾಗ ಕಳಚಲೂಬಹುದು. ಎತ್ತರ ಮೊಣಕಾಲಿನ ಕೀಲಿಗಿಂತ ಒಂದು ಬೆರಳು ಕೆಳಗೇ ನಿಲ್ಲಿಸಿದೆ, ಇಲ್ಲದಿದ್ದರೆ ಕಾಲು ಮಡಚುವುದಿಲ್ಲ. ಕಣಕಾಲಿನ ಕೀಲು ಹೇಗೂ ಬೂಟಿನೊಳಗೆ ಬಿಗಿಯಾಯಿತು. ಕುರ್ಚಿಯ ಮೇಲೆ ಚೆನ್ನಾಗಿ ಕೂರುತ್ತಾಳೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿಸಬೇಕಾದರೆ ಮೊದಲು ಬೂಟು ಬಿಚ್ಚಬೇಕು.